ಹಗೇವು ಮತ್ತು ಹನ್ನೆರಡು ತಿಂಗಳು

ಚರಿತ್ರೆಯೆಂದರೆ ನಮಗೆ ಪಟ್ಟಾಭಿಷೇಕ, ಯುದ್ಧ, ದಾನಶಾಸನ. ಯಾವ ಅರಸು ಯಾವ ಕೆರೆಯನ್ನು ಕಟ್ಟಿಸಿದನೆಂಬುದನ್ನು ಕಲ್ಲು ಹೇಳುತ್ತದೆ. ಆ ನೀರಿನಿಂದ ಬೆಳೆದ ಕಾಳನ್ನು ಮನೆಯೊಡತಿ ಮುಂದಿನ ಸುಗ್ಗಿಯವರೆಗೆ ಹೇಗೆ ಸರಿದೂಗಿಸಿದಳೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ಮನೆಗೆ ತನ್ನದೇ ಆದ ಒಂದು ಚರಿತ್ರೆಯುಂಟು. ಅದು ಋತುಗಳನ್ನು ಅನುಸರಿಸಿ ನಡೆದ ಚರಿತ್ರೆ.

ನಮ್ಮ ಹಿಂದಿನವರು ಈ ವಿಷಯವನ್ನು ಬರೆಯಲು ತಕ್ಕದ್ದಲ್ಲವೆಂದು ಬಗೆಯಲಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧ, ಅಡಿಗೆ, ಔಷಧ ಎಲ್ಲವೂ ಒಂದೇ ಕಡೆ ಸೇರಿವೆ. ಮುಂದೆ ಸುಮಾರು ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ಯಾವ ಋತುವಿಗೆ ಯಾವ ಊಟವೆಂಬುದನ್ನೂ ವಿಧಿಸುತ್ತದೆ: ಬೇಸಗೆಯಲ್ಲಿ ಸಿಹಿ ಮತ್ತು ತಂಪು, ಹೇಮಂತದಲ್ಲಿ ಜಿಡ್ಡು ಮತ್ತು ಬಿಸಿ. ಆದರೆ ಇದು ಅರಮನೆಯ ಮಾತು. ಆರಿಸಿ ಉಣ್ಣುವವನಿಗೆ ಋತುವೆಂದರೆ ರುಚಿ. ಉಳಿಸಿ ಉಣ್ಣಬೇಕಾದವನಿಗೆ ಅದು ಲೆಕ್ಕ. ನಾನು ಇಲ್ಲಿ ಹೇಳಹೊರಟಿರುವುದು ಎರಡನೆಯವನ ಮನೆಯ ಸಂಗತಿ. ಅದರಲ್ಲಿಯೂ ಹಳೆಯ ಮೈಸೂರು ಸೀಮೆಯ ರಾಗಿಯ ಮನೆಯ ಸಂಗತಿ.

ಆ ಮನೆಯ ವರ್ಷ ಪಂಚಾಂಗದ ಪ್ರಕಾರ ಯುಗಾದಿಗೆ ಮೊದಲಾದರೂ ಹೊಟ್ಟೆಯ ಪ್ರಕಾರ ಮೊದಲಾಗುತ್ತಿದ್ದುದು ಕಣದಲ್ಲಿ. ಮುಂಗಾರಿನ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಬಿತ್ತಿದ ರಾಗಿ ಕಾರ್ತಿಕ, ಮಾರ್ಗಶಿರಗಳ ಹೊತ್ತಿಗೆ ಕೊಯ್ಲಿಗೆ ಬರುವುದು. ಮೆದೆ ಹಾಕಿ, ಗುಂಡು ಹೊಡೆದು, ತೂರಿ, ರಾಶಿ ಮಾಡುವಷ್ಟರಲ್ಲಿ ಸಂಕ್ರಾಂತಿ. ರಾಗಿಯ ಹೊಲದ ಅಕ್ಕಡಿ ಸಾಲಿನ ಅವರೆ ಚಳಿಯ ಇಬ್ಬನಿಯಲ್ಲಿ ಸೊಗಡು ತುಂಬಿಕೊಳ್ಳುವುದೂ ಇದೇ ಕಾಲದಲ್ಲಿ. ಹೊಟ್ಟೆ ತುಂಬ ಉಂಡು, ನೆಂಟರನ್ನೂ ಕರೆಯಬಹುದಾದ ಕಾಲವೆಂದರೆ ಇದೇ. ನಮ್ಮ ಮದುವೆಗಳು ಮಾಘ, ಫಾಲ್ಗುಣ, ವೈಶಾಖಗಳಲ್ಲಿ ನೆರೆಯುವುದಕ್ಕೆ ಶುಭಲಗ್ನದ ಜೊತೆಗೆ ತುಂಬಿದ ಕಣಜವೂ ಕಾರಣವಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಆಮೇಲೆ ಬೇಸಗೆ. ಈಗ ನಾವು ಅದನ್ನು ರಜೆಯ ಕಾಲವೆನ್ನುತ್ತೇವೆ. ಆಗ ಹೆಂಗಸರಿಗೆ ಅದಕ್ಕಿಂತ ದುಡಿಮೆಯ ಕಾಲವಿರಲಿಲ್ಲ. ಹುಣಸೆಹಣ್ಣನ್ನು ಕುಟ್ಟಿ, ಬೀಜ ನಾರು ತೆಗೆದು ಉಪ್ಪಿನೊಡನೆ ಮಡಕೆಗೆ ತುಂಬಬೇಕು. ಹಪ್ಪಳ, ಸಂಡಿಗೆಗಳನ್ನು ಬಿಸಿಲಿಗೆ ಹಾಕಿ ಕಾಗೆ ಕಾಯಬೇಕು. ಮಾವಿನ ಮಿಡಿಗೆ ಉಪ್ಪು ಹಾಕಬೇಕು. ಸೌದೆ ಬೆರಣಿಗಳನ್ನು ಮಳೆಗೆ ನೆನೆಯದಂತೆ ಒಟ್ಟಬೇಕು. ಬಿಸಿಲನ್ನು ಮಡಕೆಯಲ್ಲಿ ತುಂಬಿಟ್ಟು ಮಳೆಗಾಲಕ್ಕೆ ಬಳಸುವ ವಿದ್ಯೆಯಿದು. ಈ ಮಡಕೆಗಳೂ ಚರಿತ್ರೆಯನ್ನು ಹೇಳುತ್ತವೆ. 16ನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದಾಗ ಖಾರಕ್ಕೆ ಇದ್ದುದು ಕರಿಮೆಣಸು. ದಕ್ಷಿಣ ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದಿತು; ನಮ್ಮವರು ಅದಕ್ಕೆ ಹೊಸ ಹೆಸರು ಹುಡುಕದೆ, ಮೆಣಸಿನಂತೆ ಉರಿಯುವ ಕಾಯಿ ಎಂದುಬಿಟ್ಟರು. ಕಡಲೆಕಾಯಿಯ ತೌರೂ ಅದೇ ಖಂಡ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಪರಿಷೆ ನಡೆಯುವುದೂ, ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಬೀಜ ಬೆರೆಯುವುದೂ ಈ ಪರದೇಶಿ ಬೆಳೆಯಿಂದಲೇ. ಸನಾತನವೆಂದು ನಾವು ನಂಬಿದ ಹಬ್ಬದ ತಟ್ಟೆಯಲ್ಲಿಯೂ ಹೊಸಬರಿಗೆ ಸ್ಥಳವಿತ್ತು.

ಇನ್ನು ಹಗೇವು. ಇಂದಿನ ಮಕ್ಕಳಿಗೆ ಈ ಮಾತು ಅಪರಿಚಿತವಾದೀತು. ನೀರು ಜಿನುಗದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಹೂಜಿಯಂತೆ ಅಗಲವಾಗಿ ತೋಡಿದ ಗುಂಡಿಯೇ ಹಗೇವು. ಸುತ್ತಲೂ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ, ಮುಚ್ಚಿದ ಗುಂಡಿಯೊಳಗಿನ ಪ್ರಾಣವಾಯು ತೀರಿದರೆ ಹುಳುಗಳೂ ಬದುಕವು. ಅದೇ ಕಾರಣದಿಂದ, ತೆರೆದ ಕೂಡಲೆ ಒಳಗಿಳಿದ ಮನುಷ್ಯನೂ ಬದುಕುತ್ತಿರಲಿಲ್ಲ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು ವಾಡಿಕೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಬೆಳೆ, ಗೊಬ್ಬರ, ನೇಗಿಲುಗಳ ಜೊತೆಗೆ ಕಾಳನ್ನು ಕೂಡಿಡುವ ಬಗೆಯನ್ನೂ ವಿಚಾರಿಸಿದನು.

ಮಳೆ ಹಿಡಿದ ಮೇಲೆ ಕಷ್ಟದ ತಿಂಗಳುಗಳು ಬರುತ್ತಿದ್ದುವು. ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ಹಳೆಯ ಕಾಳು ಮುಗಿಯುತ್ತ ಬರುವುದು; ಹೊಸತು ಇನ್ನೂ ಹೊಲದಲ್ಲಿ ಹಸುರಾಗಿರುವುದು. ಗೌರಿಹಬ್ಬಕ್ಕೆ ತೌರಿನಿಂದ ಮಗಳಿಗೆ ಹೋಗುವ ಮೊರದ ಬಾಗಿನದಲ್ಲಿ ಅಕ್ಕಿ, ಬೇಳೆ, ಬೆಲ್ಲ ಇರುವುದನ್ನೂ, ಆ ಹಬ್ಬ ಭಾದ್ರಪದದಲ್ಲಿ ಬರುವುದನ್ನೂ ಸೇರಿಸಿ ನೋಡಿದರೆ, ಆ ಮೊರ ಬರಿಯ ಶಾಸ್ತ್ರವಾಗಿರಲಾರದೆಂದು ನನ್ನ ಊಹೆ.

ಆದರೆ ಒಂದು ಮಾತನ್ನು ಮರೆಯಬಾರದು. ಹಗೇವು ಎಲ್ಲರ ಮನೆಯದಲ್ಲ. ಕಾಳಿನ ಕೂಲಿಗೆ ದುಡಿದವನಿಗೆ ಕೂಡಿಡಲು ಏನು ಉಳಿದೀತು? ಅವನು ಮಳೆಗಾಲದಲ್ಲಿ ಗೌಡನ ಬಾಗಿಲಿಗೆ ಹೋಗಿ ರಾಗಿ ಕಡ ತರಬೇಕು. ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆಯಬೇಕು. ಒಬ್ಬನ ಹಗೇವು ಇನ್ನೊಬ್ಬನ ಸಾಲವಾಗಿತ್ತು. ‘ಹಿಂದಿನ ಕಾಲದಲ್ಲಿ ಎಲ್ಲರೂ ಉಂಡು ಉಟ್ಟು ಸುಖವಾಗಿದ್ದರು’ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಧಾತು, ಈಶ್ವರ ಸಂವತ್ಸರಗಳ ಬರ ನೆನಪಿಗೆ ಬರುತ್ತದೆ. 1876ರಲ್ಲಿ ಮಳೆ ಕೈಕೊಟ್ಟಿತು, ಹಗೇವುಗಳು ಬರಿದಾದುವು, 1878ರವರೆಗೆ ಕ್ಷಾಮ ಬಿಡಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಈ ಅಂಕಿಗಳ ಹಿಂದೆ ಒಲೆ ಆರಿದ ಮನೆಗಳೆಷ್ಟು! ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕಿಂತ ಹೆಚ್ಚು ಕಡಮೆಯಾಗಿದ್ದರು.

ಅಲ್ಲಿಂದೀಚೆಗೆ ಮನೆ ಋತುವಿನ ಹಿಡಿತದಿಂದ ಒಂದೊಂದಾಗಿ ಬಿಡಿಸಿಕೊಂಡಿತು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು; ಕ್ಷಾಮದ ಕಾಮಗಾರಿಯಾಗಿ ಮೈಸೂರಿನ ದಾರಿಯೂ ಹಾಕಲ್ಪಟ್ಟಿತು. 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿನ ನಲ್ಲಿಗೆ ಬಂದಿತು. 1905ರಲ್ಲಿ ಬೀದಿಗೆ ವಿದ್ಯುದ್ದೀಪ ಬಂದಿತು. ಬಾವಿ ಬತ್ತುವ ಚಿಂತೆಯೂ ದೀಪದೆಣ್ಣೆಯ ಲೆಕ್ಕವೂ ಪಟ್ಟಣದಲ್ಲಿ ಕ್ರಮವಾಗಿ ಹಿಂದಾದುವು. ಸಂಬಳದಾರನ ಮನೆಗೆ ಸುಗ್ಗಿ ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ. ಬಡವನ ಕಣಜವನ್ನು ಈಗ ಪಡಿತರದ ಅಂಗಡಿ ಕಾಯುತ್ತದೆ. ಹಗೇವು ಮಾಡದ ಒಂದು ಕೆಲಸವನ್ನು ಅದು ಮಾಡಿತು: ಗೌಡನ ಬಾಗಿಲನ್ನು ತಟ್ಟದೆ ಕಾಳು ಸಿಗುವಂತೆ ಮಾಡಿತು.

ಆದುದರಿಂದ ಹೋದ ಕಾಲಕ್ಕೆ ನಾನು ಹಲುಬುವುದಿಲ್ಲ. ಬೆನ್ನು ಬಾಗಿಸಿ ಬೀಸಿದ ಹೆಂಗಸನ್ನು ಯಾರಾದರೂ ಕೇಳಿದ್ದರೆ ಅವಳೂ ಹಲುಬುತ್ತಿರಲಿಲ್ಲ. ಆದರೆ ಅವಳಿಗೆ ತಿಳಿದಿದ್ದುದು ಅಲ್ಪವಲ್ಲ. ಎಷ್ಟು ಬಾಯಿಗೆ ಎಷ್ಟು ಸೇರು, ಯಾವ ಮಳೆ ತಪ್ಪಿದರೆ ಯಾವಾಗ ಅಳತೆ ಇಳಿಸಬೇಕು, ಹಸಿದು ಬಂದವನಿಗೆ ಕೊಟ್ಟೂ ಹೇಗೆ ಉಳಿಸಬೇಕು ಎಂಬುದೆಲ್ಲ ಬರೆಹ ಬಾರದ ಅವಳ ತಲೆಯಲ್ಲಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ರಾಗಿಯ ಗುಣಗಾನ ಬೇಕಾದಷ್ಟು ನಡೆಯಿತು. ಅದನ್ನು ಕಾದಿಟ್ಟವಳ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಹಳ್ಳಿಗಳಲ್ಲಿ ಮನೆಗೆ ತಳಪಾಯ ತೋಡುವಾಗ ಇಂದಿಗೂ ಹಳೆಯ ಹಗೇವು ಸಿಗುವುದುಂಟು. ಮಣ್ಣು ತುಂಬಿ ಮುಚ್ಚುವ ಮೊದಲು ಅದರ ಆಳವನ್ನೊಮ್ಮೆ ಅಳೆದು, ಅದು ಎಷ್ಟು ಜನರಿಗೆ ಎಷ್ಟು ದಿನ ಸಾಕಾಗಿತ್ತೆಂದು ಊರಿನ ಮುದುಕಿಯನ್ನು ಕೇಳಿ ಬರೆದಿಟ್ಟರೆ, ಅದೂ ಒಂದು ಶಾಸನವೇ.