ಗಂಟಲಲ್ಲೂ ಅನ್ನನಾಳದಲ್ಲೂ ಕ್ಯಾನ್ಸರ್: ಕೊನೆಯ ಹಂತ ಎಂದೇ ಅರ್ಥವೇ?

'ಗಂಟಲಿನ ಕ್ಯಾನ್ಸರ್ ಅನ್ನನಾಳದಲ್ಲೂ ಕಂಡರೆ ಮುಗಿಯಿತು, ಚಿಕಿತ್ಸೆ ವ್ಯರ್ಥ' ಎನ್ನುವ ಮಾತು ನೀವೂ ಕೇಳಿರಬಹುದು. ಇದು ಯಾವಾಗಲೂ ನಿಜವಲ್ಲ.

ಎರಡು ಕಡೆ ಏಕೆ?
ಗಂಟಲಿನ ಕ್ಯಾನ್ಸರ್ ಹರಡುವುದು ಸಾಮಾನ್ಯವಾಗಿ ಕುತ್ತಿಗೆಯ ಗ್ರಂಥಿಗಳಿಗೆ, ಶ್ವಾಸಕೋಶಕ್ಕೆ. ಅನ್ನನಾಳದ ಒಳಪದರದಲ್ಲಿ ಕಂಡದ್ದು ಹೆಚ್ಚಾಗಿ ಅಲ್ಲೇ ಹುಟ್ಟಿದ ಇನ್ನೊಂದು ಕ್ಯಾನ್ಸರ್. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಬಾಯಿಯಿಂದ ಅನ್ನನಾಳದವರೆಗಿನ ಇಡೀ ಒಳಪದರವನ್ನು ವರ್ಷಗಟ್ಟಲೆ ಕೆಡಿಸುತ್ತವೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಕಡೆ ರೋಗ ಹುಟ್ಟಬಹುದು. 1953ರಲ್ಲೇ ವೈದ್ಯ ಸ್ಲಾಟರ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದರು. ಆರು ತಿಂಗಳೊಳಗೆ ಎರಡೂ ಪತ್ತೆಯಾದರೆ 'ಏಕಕಾಲದ ಕ್ಯಾನ್ಸರ್' ಎನ್ನುತ್ತಾರೆ.

ಅಡಿಕೆ ಜಗಿದರೆ?
ಶಂಕರಘಟ್ಟ, ಭದ್ರಾವತಿ, ಶಿವಮೊಗ್ಗದ ಸುತ್ತ ಅಡಿಕೆ ನಮ್ಮ ಜೀವನಾಧಾರ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. 'ತಂಬಾಕಿಲ್ಲದ ಎಲೆಅಡಿಕೆ ನಿರಪಾಯ' ಎಂಬುದೂ ತಪ್ಪು. ತೋಟದಲ್ಲಿ ಬೆಳೆಯುವುದರಿಂದಲ್ಲ, ಜಗಿಯುವುದರಿಂದ ಅಪಾಯ.

ಪತ್ತೆ ಹೇಗೆ?
ಇಎನ್‌ಟಿ ವೈದ್ಯರು ಕೊಳವೆ ಕ್ಯಾಮೆರಾದಿಂದ ಗಂಟಲು ನೋಡುತ್ತಾರೆ. ಅನ್ನನಾಳಕ್ಕೆ ಎಂಡೋಸ್ಕೋಪಿ ಬೇಕು. ಅಯೋಡಿನ್ ದ್ರಾವಣ ಹಚ್ಚಿದಾಗ ಆರೋಗ್ಯವಂತ ಭಾಗ ಕಂದಾಗುತ್ತದೆ, ಕೆಟ್ಟ ಭಾಗ ಬಣ್ಣ ಹಿಡಿಯುವುದಿಲ್ಲ. ಖಚಿತಪಡಿಸುವುದು ಬಯಾಪ್ಸಿ. 'ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ' ಎಂದು ಹೆದರಿ ಅದನ್ನು ಮುಂದೂಡಬೇಡಿ. ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು ಸಿಟಿ ಅಥವಾ ಪೆಟ್ ಸ್ಕ್ಯಾನ್ ತೋರಿಸುತ್ತದೆ.

ಚಿಕಿತ್ಸೆ
ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಬೇಕು. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ತಜ್ಞರು ಒಟ್ಟಿಗೆ ಕೂತು ನಿರ್ಧರಿಸುತ್ತಾರೆ. ಅನ್ನನಾಳದ ಗಡ್ಡೆ ಮೇಲ್ಪದರದಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಬೆಳೆದಿದ್ದರೆ ರೇಡಿಯೇಷನ್ ಜೊತೆ ಕೀಮೋ, ಅಥವಾ ಶಸ್ತ್ರಚಿಕಿತ್ಸೆ. ನುಂಗಲಾಗದವರಿಗೆ ಟ್ಯೂಬ್ ಮೂಲಕ ಆಹಾರ ಕೊಡುತ್ತಾರೆ. ತೂಕ ಇಳಿದರೆ ಚಿಕಿತ್ಸೆ ತಾಳಿಕೊಳ್ಳುವುದು ಕಷ್ಟ. ಎರಡು ಕ್ಯಾನ್ಸರ್‌ಗಳ ಚಿಕಿತ್ಸೆ ಕಠಿಣ, ನಿಜ. ಬೇಗ ಸಿಕ್ಕರೆ ಗುಣವಾಗುವ ಅವಕಾಶವೂ ಇದೆ.

ಯಾವಾಗ ಹೋಗಬೇಕು?
ಮೂರು ವಾರ ದಾಟಿದ ಧ್ವನಿ ಒಡಕು, ನುಂಗುವಾಗ ಸಿಕ್ಕಿಕೊಂಡಂತಾಗುವುದು, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್‌ಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಗಂಟಲಿನ ಕ್ಯಾನ್ಸರ್ ಈಗಾಗಲೇ ಪತ್ತೆಯಾಗಿದ್ದರೆ, 'ಅನ್ನನಾಳವನ್ನೂ ನೋಡಬೇಕೇ?' ಎಂದು ವೈದ್ಯರನ್ನು ಕೇಳಿ.