ಗ್ರಾಹಿ

ಸಂಸ್ಕೃತದ ‘ಗ್ರಹ್’ ಧಾತುವಿಗೆ ಹಿಡಿ, ತೆಗೆದುಕೋ ಎಂಬ ಅರ್ಥ. ಗ್ರಹಣ, ಸಂಗ್ರಹ, ಗ್ರಹಿಕೆ ಎಲ್ಲವೂ ಅಲ್ಲಿಂದಲೇ ಬಂದವು. ಜೀವಕೋಶದ ‘ರಿಸೆಪ್ಟರ್’ಗೆ ಕನ್ನಡದಲ್ಲಿ ಗ್ರಾಹಿ, ಗ್ರಾಹಕ ಎರಡೂ ಬಳಕೆಯಲ್ಲಿವೆ. ಗ್ರಾಹಕ ಎಂದೊಡನೆ ಅಂಗಡಿಯ ಗಿರಾಕಿ ನೆನಪಾಗುವುದರಿಂದ ನನ್ನ ಒಲವು ಗ್ರಾಹಿಯ ಕಡೆಗೆ. ರಿಸೆಪ್ಟರ್ ಲ್ಯಾಟಿನ್ ಮೂಲದ್ದು. 1900ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಅದನ್ನು ಜೀವಕೋಶಕ್ಕೆ ಅನ್ವಯಿಸಿದರು.

ರಕ್ತನಾಳ ಬೆಳೆಯುವ ಬಗೆಯನ್ನು ನೋಡಿದರೆ ಈ ಪದ ಎಷ್ಟು ಸರಿಯಾಗಿ ಹೊಂದುತ್ತದೆಂದು ತಿಳಿಯುತ್ತದೆ. ಆಮ್ಲಜನಕ ಸಾಲದ ಅಂಗಾಂಶ ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಅದನ್ನು ಹಿಡಿಯುವ ಗ್ರಾಹಿಗಳ ಪೈಕಿ, ನಾಳದ ಒಳಪದರದ ಕೋಶಗಳ ಮೇಲಿರುವ ‘ಎರಡನೇ ಗ್ರಾಹಿ’ ಎಂಬುದು ಅದನ್ನು ಹಿಡಿದಾಗ ಎರಡೆರಡು ಗ್ರಾಹಿಗಳು ಜೋಡಿಯಾಗಿ, ಕೋಶದೊಳಗಿನ ತುದಿಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಆ ಸೂಚನೆಯಿಂದ ಕೋಶ ವಿಭಜನೆಗೊಂಡು ಪ್ರೋಟೀನ್ ಹೆಚ್ಚಿರುವತ್ತ ಚಾಚುತ್ತದೆ. 1995ರ ಪ್ರಯೋಗದಲ್ಲಿ ಈ ಗ್ರಾಹಿಯ ಜೀನ್ ಇಲ್ಲದ ಇಲಿಭ್ರೂಣಗಳಲ್ಲಿ ರಕ್ತನಾಳಗಳು ರೂಪುಗೊಳ್ಳಲೇ ಇಲ್ಲ. ಹತ್ತನೇ ದಿನಕ್ಕೆ ಮೊದಲೇ ಅವು ಸತ್ತವು.

ನನಗೆ ಹೆಚ್ಚು ಸೋಜಿಗ ತಂದದ್ದು ‘ಮೊದಲನೇ ಗ್ರಾಹಿ’. ಅದು ಪ್ರೋಟೀನನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಆದರೆ ಸುದ್ದಿಯನ್ನು ಒಳಗೆ ಅಷ್ಟಾಗಿ ದಾಟಿಸುವುದಿಲ್ಲ. ಅದನ್ನು ತೆಗೆದ ಭ್ರೂಣಗಳಲ್ಲಿ ನಾಳದ ಕೋಶಗಳು ಮಿತಿಮೀರಿ ಹೆಚ್ಚಿ, ನಾಳಗಳು ಅಸ್ತವ್ಯಸ್ತವಾದವು. ಹಿಡಿದು ತಡೆಯುವುದೂ ಗ್ರಾಹಿಯ ಕೆಲಸವೇ.

ಅಕ್ಷಿಪಟಲದ ಕೆಳಗೆ ಬೇಡದ ನಾಳ ಬೆಳೆದಾಗ ಕಣ್ಣಿಗೆ ಚುಚ್ಚುವ ಅಫ್ಲಿಬರ್ಸೆಪ್ಟ್ ಔಷಧವನ್ನು, ಆ ಪ್ರೋಟೀನನ್ನು ಹೀಗೆ ಹಿಡಿದು ತಡೆಯಲೆಂದು, ಈ ಎರಡೂ ಗ್ರಾಹಿಗಳ ತುಣುಕು ಸೇರಿಸಿಯೇ ಮಾಡಿದ್ದಾರೆ. ಹೆಸರಿನ ಕೊನೆಯ ‘ಸೆಪ್ಟ್’ ರಿಸೆಪ್ಟರಿನದೇ.