ಸಿನಿಮಾ ಶುರುವಾಗುವಾಗ ಟಿವಿ ಕಪ್ಪಾದರೆ ಪ್ಯಾನೆಲ್ ಹಾಳಾಯಿತು ಎಂದರ್ಥವೇ?

ಸ್ಟ್ರೀಮಿಂಗ್ ಬಾಕ್ಸ್‌ನಲ್ಲಿ ಸಿನಿಮಾ ಪ್ಲೇ ಮಾಡುತ್ತೀರಿ. ಟಿವಿ ಪರದೆ ಒಂದೆರಡು ಸೆಕೆಂಡ್ ಪೂರ್ತಿ ಕಪ್ಪಾಗಿ, ಆಮೇಲೆ ಚಿತ್ರ ಬರುತ್ತದೆ. ಸಿನಿಮಾದಿಂದ ಹೊರಬಂದಾಗ ಮತ್ತೆ ಅದೇ. "ಪ್ಯಾನೆಲ್ ಹೋಗ್ತಾ ಇದೆ" ಎಂದು ಒಬ್ಬರು, "ಒಳ್ಳೇ ಕೇಬಲ್ ಹಾಕ್ಸಿ" ಎಂದು ಇನ್ನೊಬ್ಬರು ಹೇಳುತ್ತಾರೆ. ದುಡ್ಡು ಖರ್ಚು ಮಾಡುವ ಮೊದಲು ಒಂದು ವಿಷಯ ಗಮನಿಸಿ: ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಹೀಗಾಗುತ್ತಿದ್ದರೆ, ಬಹುಮಟ್ಟಿಗೆ ಅದು ದೋಷವೇ ಅಲ್ಲ. ಬಾಕ್ಸು ಮತ್ತು ಟಿವಿ ವೇಗ ಬದಲಾಯಿಸಿಕೊಳ್ಳುತ್ತಿವೆ, ಅಷ್ಟೆ.

ಯಾವ ವೇಗ? ವಿಡಿಯೋ ಎಂದರೆ ಒಂದರ ಹಿಂದೊಂದು ಓಡುವ ಫೋಟೋಗಳು. ಇವನ್ನು ಫ್ರೇಮ್ ಎನ್ನುತ್ತಾರೆ. ಸಿನಿಮಾಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್ ಇರುತ್ತವೆ. ಭಾರತದ ಟಿವಿ ಪ್ರಸಾರ 50 ಹರ್ಟ್ಜ್ ಪದ್ಧತಿಯದು, ಅಮೆರಿಕದ್ದು 60. ಟಿವಿ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತದೆ ಎಂಬುದೇ ಅದರ ರಿಫ್ರೆಶ್ ರೇಟ್. ಹಲವು ಬಾಕ್ಸ್‌ಗಳು ಏನೇ ಹಾಕಿದರೂ 60ರಲ್ಲೇ ಕಳುಹಿಸುತ್ತವೆ.

ಎಡವಟ್ಟು ಆಗುವುದು ಇಲ್ಲೇ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ಫ್ರೇಮ್ ತೋರಿಸಲು ಆಗುವುದಿಲ್ಲವಲ್ಲ! ಹಾಗಾಗಿ ಒಂದು ಫ್ರೇಮನ್ನು 3 ಸಲ, ಮುಂದಿನದನ್ನು 2 ಸಲ, ಮತ್ತೆ 3 ಸಲ ತೋರಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಮೇಲೋ ಬೀದಿಯ ಉದ್ದಕ್ಕೋ ಸರಿಯುವ ದೃಶ್ಯದಲ್ಲಿ ಈ ಕುಂಟುನಡಿಗೆ ಕಣ್ಣಿಗೆ ಬೀಳುತ್ತದೆ. 50 ಫ್ರೇಮ್‌ನ ಕ್ರಿಕೆಟ್ ಪಂದ್ಯ 60ರಲ್ಲಿ ಬಂದರೆ ಪ್ರತಿ ಐದನೇ ಫ್ರೇಮ್ ಎರಡು ಸಲ ಕಾಣಿಸಿಕೊಳ್ಳುತ್ತದೆ. ಬೌಂಡರಿಯತ್ತ ಓಡುವ ಚೆಂಡು ತಡವರಿಸಿದಂತೆ ಕಾಣಲು ಇದೂ ಒಂದು ಕಾರಣ. ಇಂಟರ್ನೆಟ್ ಸ್ಪೀಡ್ ಹೆಚ್ಚಿಸಿದರೆ ಇದು ಹೋಗುವುದಿಲ್ಲ.

ಇದಕ್ಕೆ ಬಾಕ್ಸ್‌ಗಳಲ್ಲೇ ಪರಿಹಾರವಿದೆ: ವಿಡಿಯೋ ಯಾವ ವೇಗದ್ದೋ ಟಿವಿಯನ್ನೂ ಅದೇ ವೇಗಕ್ಕೆ ಬದಲಾಯಿಸುವುದು. ಹಾಗೆ ಬದಲಾಯಿಸುವಾಗ ಎಚ್‌ಡಿಎಂಐ ಸಂಪರ್ಕ ಕ್ಷಣಕಾಲ ಕಡಿದು ಮತ್ತೆ ಕೂಡಬೇಕು. ಆ ಹೊತ್ತಿನಲ್ಲಿ ಟಿವಿಗೆ ತೋರಿಸಲು ಚಿತ್ರವೇ ಇರುವುದಿಲ್ಲ, ಪರದೆ ಕಪ್ಪಾಗುತ್ತದೆ. ಅನುಮಾನವಿದ್ದರೆ ಅದೇ ಸಿನಿಮಾವನ್ನು ಟಿವಿಯೊಳಗೇ ಇರುವ ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಎಚ್‌ಡಿಎಂಐ ಕೇಬಲ್‌ನ ಕೆಲಸವೇ ಇಲ್ಲ. ಅಲ್ಲಿ ಕಪ್ಪಾಗದಿದ್ದರೆ ಪ್ಯಾನೆಲ್ ಮೇಲೆ ಅನುಮಾನ ಬೇಡ.

ಸೆಟ್ಟಿಂಗ್ ಎಲ್ಲಿದೆ?

ಆಪಲ್ ಟಿವಿಯ ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾಚ್ ಕಂಟೆಂಟ್' ಒಳಗೆ 'ಮ್ಯಾಚ್ ಫ್ರೇಮ್ ರೇಟ್' ಇದೆ. ಫೈರ್ ಟಿವಿಯ ಡಿಸ್‌ಪ್ಲೇ ಭಾಗದಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್'. ಆಂಡ್ರಾಯ್ಡ್ ಟಿವಿ 12 ಮತ್ತು ನಂತರದ ಬಾಕ್ಸ್‌ಗಳಲ್ಲಿ 'ಸೀಮ್‌ಲೆಸ್' ಎಂಬ ಆಯ್ಕೆ ಸಿಗುತ್ತದೆ. ಪರದೆ ಕಪ್ಪಾಗದೆ ಸಾಧ್ಯವಾದರೆ ಮಾತ್ರ ವೇಗ ಬದಲಾಯಿಸು ಎಂದು ಅದರ ಅರ್ಥ. ಆದ್ದರಿಂದ ಅದನ್ನು ಆರಿಸಿಯೂ ಏನೂ ಬದಲಾಗದಿದ್ದರೆ ಆಶ್ಚರ್ಯವಿಲ್ಲ. 'ನಾನ್-ಸೀಮ್‌ಲೆಸ್' ಆರಿಸಿದರೆ ಕಪ್ಪು ಪರದೆ ಸಹಿಸಿಕೊಳ್ಳಬೇಕು. ಎಲ್ಲ ಆ್ಯಪ್‌ಗಳೂ ಈ ಸೆಟ್ಟಿಂಗ್ ಪಾಲಿಸುವುದಿಲ್ಲ ಎಂಬುದೂ ನೆನಪಿರಲಿ. ಎರಡು ಗಂಟೆಯ ಸಿನಿಮಾಕ್ಕೆ ಎರಡು ಸೆಕೆಂಡ್ ಕಪ್ಪು ನಮ್ಮ ಮಟ್ಟಿಗೆ ದೊಡ್ಡದಲ್ಲ. ಎರಡೆರಡು ನಿಮಿಷದ ವಿಡಿಯೋ ನೋಡುವವರಿಗೆ ಅದು ಕಿರಿಕಿರಿಯೇ. ಅವರು ಆಫ್ ಮಾಡಿಟ್ಟರೂ ಟಿವಿಗೆ ಏನೂ ಹಾನಿಯಿಲ್ಲ.

ಕಪ್ಪಾಗದೆಯೇ ವೇಗ ಬದಲಾಯಿಸುವ ತಂತ್ರವೂ ಬಂದಿದೆ. ಎಚ್‌ಡಿಎಂಐ 2.1ರ ಜೊತೆ ಬಂದ ಇದರ ಹೆಸರು 'ಕ್ವಿಕ್ ಮೀಡಿಯಾ ಸ್ವಿಚಿಂಗ್'. ಆದರೆ ಬಾಕ್ಸು, ಟಿವಿ ಎರಡರಲ್ಲೂ ಅದು ಇರಬೇಕು. ಟಿವಿ ಡಬ್ಬದ ಮೇಲೆ ಎಚ್‌ಡಿಎಂಐ 2.1 ಎಂದಿದ್ದರೆ ಸಾಲದು, ಏಕೆಂದರೆ ಇದು ಕಡ್ಡಾಯ ಸೌಲಭ್ಯವಲ್ಲ. ಅಂಗಡಿಯಲ್ಲಿ ಈ ಹೆಸರನ್ನೇ ಹೇಳಿ ಕೇಳಿ. ರೆಸಲ್ಯೂಶನ್ ಬದಲಾದಾಗ ಇದ್ದರೂ ಪರದೆ ಕಪ್ಪಾಗಬಹುದು.

ಇನ್ನು ಸಿನಿಮಾ ನಡುನಡುವೆ, ಯಾವಾಗೆಂದರೆ ಆವಾಗ ಪರದೆ ಕಪ್ಪಾಗುತ್ತಿದ್ದರೆ ಅದು ಬೇರೆ ವಿಷಯ. ಮೊದಲು ಕೇಬಲ್‌ನ ಎರಡೂ ತುದಿ ಬಿಚ್ಚಿ ಮತ್ತೆ ಸಿಕ್ಕಿಸಿ, ಇನ್ನೊಂದು ಎಚ್‌ಡಿಎಂಐ ಪೋರ್ಟ್‌ಗೆ ಹಾಕಿ, ಮನೆಯಲ್ಲಿ ಬೇರೆ ಕೇಬಲ್ ಇದ್ದರೆ ಅದನ್ನೂ ಪರೀಕ್ಷಿಸಿ. ಟಿವಿಯೊಳಗಿನ ಆ್ಯಪ್‌ನಲ್ಲೂ ಹಾಗೇ ಆಗುತ್ತಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.